ಸಣ್ಣ ಎಫ್‌ಐ (ಫ್ಯುಯೆಲ್ ಇಂಜೆಕ್ಷನ್) ಬೈಕಿನ ಪಿಕಪ್ ಹೆಚ್ಚಿಸೋದು ಹೇಗೆ: ಸೈಲೆನ್ಸರ್‌ಗೆ ಮುಂಚೆ ಸ್ಪ್ರಾಕೆಟ್ ನೋಡಿ

ಶಿರಾಡಿ ಘಾಟಿ ಹತ್ತುತ್ತಿದ್ದೀರಿ ಅಂದುಕೊಳ್ಳಿ. 150 ಸಿಸಿ ಗಾಡಿ, ಹಿಂದೆ ಒಬ್ಬರು, ಅವರ ಬೆನ್ನಿಗೊಂದು ಬ್ಯಾಗು. ಮುಂದೆ ಲೋಡ್ ಲಾರಿ ತೆವಳುತ್ತಿದೆ. ಜಾಗ ಸಿಕ್ಕಿತು ಅಂತ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೆ ಸದ್ದು ಮಾತ್ರ ಜಾಸ್ತಿಯಾಗುತ್ತದೆ, ಗಾಡಿ ಅಲ್ಲೇ ಇರುತ್ತದೆ. ಗೇರ್ ಇಳಿಸುವಷ್ಟರಲ್ಲಿ ಎದುರಿಂದ ಬಸ್ಸು ಬಂದಿರುತ್ತದೆ. ನಾನು ಈ ಗಾಡಿಗೆ ಕೈ ಹಾಕಿದ್ದು ಇದೊಂದು ಕಾರಣಕ್ಕೆ. ನನಗೆ ಟಾಪ್ ಸ್ಪೀಡ್ ಬೇಡ, 40ರಿಂದ 70ರವರೆಗೆ ಚುರುಕಾಗಿ ಎಳೆದರೆ ಸಾಕು.

ಎಲ್ಲರ ಹಾಗೆ ನಾನೂ ಮೊದಲು ದುಡ್ಡು ಹಾಕಿದ್ದು ಸೈಲೆನ್ಸರ್‌ಗೆ. ಅದು ತಪ್ಪು. ಸಣ್ಣ ಎಂಜಿನ್‌ನಲ್ಲಿ ಇರೋದೇ ಹನ್ನೆರಡೋ ಹದಿನೈದೋ ಕುದುರೆಶಕ್ತಿ (ಎಚ್‌ಪಿ). ಅದರಲ್ಲಿ ಒಂದೆರಡು ಎಲ್ಲೋ ಸೋರಿ ಹೋಗುತ್ತಿರುತ್ತವೆ. ಮೊದಲು ಆ ಸೋರಿಕೆ ನಿಲ್ಲಿಸಿ, ಆಮೇಲೆ ಸ್ಪ್ರಾಕೆಟ್, ಅಂದರೆ ಚೈನ್ ಸುತ್ತುವ ಹಲ್ಲಿನ ಚಕ್ರ, ಬೇರೆ ಹಾಕಿ ಗೇರಿಂಗ್ ಬದಲಿಸಿ, ಉಳಿದದ್ದನ್ನೆಲ್ಲ ಅದರ ನಂತರ ಯೋಚಿಸಿ.

ಕೆಲಸ ಶುರು ಮಾಡುವ ಮೊದಲು ಈಗ ಗಾಡಿ ಹೇಗಿದೆ ಅಂತ ಅಳೆದು ಬರೆದಿಟ್ಟುಕೊಳ್ಳಿ. ಬೆಳಗ್ಗೆ ಬೇಗ, ಖಾಲಿ ಇರುವ ನೇರ ರಸ್ತೆಯಲ್ಲಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಮೂರನೇ ಗೇರಿನಲ್ಲಿ 30ರಿಂದ 60ಕ್ಕೆ ಹೋಗಲು ಎಷ್ಟು ಸೆಕೆಂಡ್ ಬೇಕು ನೋಡಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ವೇಗಕ್ಕೆ ಮೀಟರ್ ಬದಲು ಮೊಬೈಲಿನ ಜಿಪಿಎಸ್ ಇಟ್ಟುಕೊಳ್ಳಿ, ಫೋನು ಜೇಬಿನಲ್ಲಿ ರೆಕಾರ್ಡ್ ಮಾಡುತ್ತಿರಲಿ, ನೋಡೋದು ಮನೆಗೆ ಬಂದ ಮೇಲೆ. ಮೈಲೇಜನ್ನು ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಲೆಕ್ಕ ಹಾಕಿ. ಈ ಎರಡು ಅಂಕಿ ಇಲ್ಲದಿದ್ದರೆ ಹೊಸ ಸೈಲೆನ್ಸರ್ ಸದ್ದಿಗೇ ಗಾಡಿ ಫಾಸ್ಟ್ ಆಯಿತು ಅನ್ನಿಸಿಬಿಡುತ್ತದೆ. ಕಿವಿ ನಂಬಬೇಡಿ.

ಅಳೆಯುವಾಗ ಇನ್ನೊಂದು ವಿಷಯ ಗೊತ್ತಿರಲಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು 10 ಶೇಕಡಾ ಕಡಿಮೆ. ಎಫ್‌ಐ ಗಾಡಿ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ಗಾಡಿ, ಗಾಳಿಗೆ ತಕ್ಕಂತೆ ಪೆಟ್ರೋಲ್ ಕಡಿಮೆ ಮಾಡಿಕೊಳ್ಳುತ್ತದೆ, ಹಾಗಾಗಿ ಕಾರ್ಬುರೇಟರ್ ಗಾಡಿಯ ಹಾಗೆ ಕಪ್ಪು ಹೊಗೆ ಬಿಟ್ಟು ಮುಗ್ಗರಿಸೋದಿಲ್ಲ. ಆದರೆ ಇಲ್ಲದ ಗಾಳಿಯನ್ನು ಅದು ತರಲಾರದು, ಶಕ್ತಿ ಅಷ್ಟೇ ಇಳಿಯುತ್ತದೆ. 1,900 ಮೀಟರ್ ದಾಟುವ ಮುಳ್ಳಯ್ಯನಗಿರಿಯಲ್ಲಿ ಒತ್ತಡ ಐದರಲ್ಲಿ ಒಂದು ಪಾಲು ಕಡಿಮೆ. ಕರಾವಳಿಯಿಂದ ಬೆಂಗಳೂರಿಗೆ ಬಂದವರು ಗಾಡಿಗೆ ಏನೋ ಆಗಿದೆ ಅಂತ ಗ್ಯಾರೇಜಿಗೆ ಓಡುತ್ತಾರೆ. ಏನೂ ಆಗಿರೋದಿಲ್ಲ. ಮೊದಲು ಅಳೆದ ಊರಿನಲ್ಲೇ ಆಮೇಲೂ ಅಳೆಯಿರಿ.

ಈಗ ಸೋರಿಕೆಗಳು. ಇದು ಬೇಸರದ ಕೆಲಸ, ಆದರೆ ಇಲ್ಲಿ ಸಿಗುವಷ್ಟು ಲಾಭ ಬೇರೆಲ್ಲೂ ಸಿಗೋದಿಲ್ಲ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ ಬಿಡಿ. ಸುಮ್ನೆ ಎರಡು ಮೂರು ಸುತ್ತು ತಿರುಗಬೇಕು. ಅರ್ಧ ಸುತ್ತಿಗೇ ನಿಂತರೆ ಬ್ರೇಕ್ ಹಿಡಿಯುತ್ತಿದೆ, ಇಲ್ಲವೇ ಚೈನ್ ಬಿಗಿಯಾಗಿದೆ. ಚೈನ್ ಎಷ್ಟು ಆಡಬೇಕು ಅನ್ನೋದು ಸ್ವಿಂಗ್ ಆರ್ಮ್ ಸ್ಟಿಕ್ಕರ್ ಮೇಲೋ ಮ್ಯಾನ್ಯುಯಲ್‌ನಲ್ಲೋ ಇರುತ್ತದೆ, ಹೆಚ್ಚಿನ ಗಾಡಿಗಳಿಗೆ 25ರಿಂದ 35 ಮಿಲಿಮೀಟರ್ ಆಸುಪಾಸು. ಚಕ್ರ ತಿರುಗಿಸುತ್ತ ನಾಲ್ಕು ಕಡೆ ನೋಡಿ. ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಅಂತಿದ್ದರೆ ಚೈನ್ ಸೆಟ್ಟಿನ ಆಯುಷ್ಯ ಮುಗಿದಿದೆ, ಟೈಟ್ ಮಾಡಿ ಪ್ರಯೋಜನವಿಲ್ಲ. ಟೈರಿನ ಗಾಳಿ ವಾರಕ್ಕೊಮ್ಮೆ, ಗಾಡಿ ತಣ್ಣಗಿದ್ದಾಗ.

ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಣ್ಣ ಸಂದಿ ಸರಿಮಾಡೋದನ್ನು, ಬಹಳ ಜನ ಮರೆಯುತ್ತಾರೆ. ಟಕಟಕ ಸದ್ದು ಬಂದರೆ ಮಾತ್ರ ನೋಡೋದು ಅಂತ ರೂಢಿ. ಆದರೆ ಸದ್ದು ಬರುವ ಟ್ಯಾಪೆಟ್‌ಗಿಂತ ಸದ್ದೇ ಇಲ್ಲದ ಬಿಗಿ ಟ್ಯಾಪೆಟ್ ಅಪಾಯ. ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ, ಕೊನೆಗೆ ವಾಲ್ವ್ ಸುಟ್ಟೇ ಹೋಗುತ್ತದೆ. ಎಂಜಿನ್ ತಣ್ಣಗಿರುವಾಗ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಇಟ್ಟೇ ಮಾಡಿಸಿ. ಕೈ ಅಂದಾಜು ಬೇಡ.

ಆಕ್ಸಿಲರೇಟರ್ ತಿರುಗಿಸಿದಾಗ ತೆರೆದು ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯನ್ನೂ ಸ್ವಚ್ಛ ಮಾಡಿ. ಕ್ಲೀನರ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಚಿಟ್ಟೆಯಾಕಾರದ ಆ ತಟ್ಟೆಯ ಅಂಚನ್ನು ಮೆಲ್ಲಗೆ ಒರೆಸಿ, ಉಜ್ಜಬೇಡಿ, ಬ್ಲೇಡು ಸ್ಕ್ರೂಡ್ರೈವರ್ ಹತ್ತಿರಕ್ಕೂ ತರಬೇಡಿ. ಅಲ್ಲಿ ಕಾಣುವ ಸಣ್ಣ ಸ್ಟಾಪ್ ಸ್ಕ್ರೂ ಮುಟ್ಟಬೇಡಿ, ಅದು ಫ್ಯಾಕ್ಟರಿ ಸೆಟ್ಟಿಂಗ್. ಕಾರ್ಬುರೇಟರ್ ಕಾಲದ ಅಭ್ಯಾಸದಲ್ಲಿ ಐಡ್ಲಿಂಗ್ ಸರಿಮಾಡುತ್ತೇನೆ ಅಂತ ಅದನ್ನು ತಿರುಗಿಸಿದರೆ ಕಂಪ್ಯೂಟರಿನ ಲೆಕ್ಕವೇ ತಪ್ಪುತ್ತದೆ.

ಕಂಪ್ಯೂಟರ್ ಅಂದೆ ಅಲ್ವಾ, ಅದೇ ಇಸಿಯು. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ಸಣ್ಣ ಗಾಡಿಗಳಿಗೂ ಎಫ್‌ಐ ಬಂತು. ಥ್ರಾಟಲ್ ಎಷ್ಟು ತೆರೆದಿದೆ, ಗಾಳಿಯ ಒತ್ತಡ ಎಷ್ಟು, ಎಂಜಿನ್ ಎಷ್ಟು ಬಿಸಿ ಅಂತ ಸೆನ್ಸರ್‌ಗಳಿಂದ ತಿಳಿದುಕೊಂಡು, ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಇಸಿಯು ತೀರ್ಮಾನಿಸುತ್ತದೆ. ಆಮೇಲೆ ಸೈಲೆನ್ಸರ್ ಪೈಪಿನಲ್ಲಿರುವ ಓ2 (ಆಮ್ಲಜನಕ) ಸೆನ್ಸರ್ ಹೊಗೆಯನ್ನು ನೋಡಿ ಪೆಟ್ರೋಲ್ ಜಾಸ್ತಿಯಾಯಿತು, ಕಡಿಮೆಯಾಯಿತು ಅಂತ ಹೇಳುತ್ತಿರುತ್ತದೆ. ಶುದ್ಧ ಪೆಟ್ರೋಲಿಗೆ ಲೆಕ್ಕ ಒಂದು ಗ್ರಾಂಗೆ 14.7 ಗ್ರಾಂ ಗಾಳಿ, ಎಥನಾಲ್ ಬೆರೆತಷ್ಟೂ ಆ ಅಂಕಿ ಇಳಿಯುತ್ತದೆ. ಸಾಮಾನ್ಯ ಓಡಾಟದಲ್ಲಿ ಇಸಿಯು ಇದೇ ಲೆಕ್ಕಕ್ಕೆ ಮರಳುತ್ತದೆ. ನೀವು ಏನೇ ಹಾಕಿದರೂ ಒಂದು ಮಿತಿಯವರೆಗೆ ಅದು ತಿದ್ದಿಕೊಳ್ಳುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಮಾತ್ರ ಓ2 ಮಾತು ಬಿಟ್ಟು ತನ್ನೊಳಗಿನ ಮ್ಯಾಪ್ (ಎಷ್ಟು ಪೆಟ್ರೋಲ್ ಹಾಕಬೇಕು ಅಂತ ಮೊದಲೇ ಬರೆದಿಟ್ಟ ಪಟ್ಟಿ) ನೋಡಿ ಪೆಟ್ರೋಲ್ ಸುರಿಯುತ್ತದೆ. ಇದು ಗೊತ್ತಿದ್ದರೆ ಸುಮಾರು ದುಡ್ಡು ಉಳಿಯುತ್ತದೆ. ಆನ್‌ಲೈನಲ್ಲಿ ಸಿಗುವ ‘ಪವರ್ ಚಿಪ್’ ಹೆಚ್ಚಿನದು ಒಂದು ರೆಸಿಸ್ಟರ್ ಅಷ್ಟೇ. ಗಾಳಿ ತಣ್ಣಗಿದೆ ಅಂತ ಇಸಿಯುಗೆ ಸುಳ್ಳು ಹೇಳಿ ಪೆಟ್ರೋಲ್ ಜಾಸ್ತಿ ಹಾಕಿಸುತ್ತದೆ, ಓ2 ಸೆನ್ಸರ್ ಅದನ್ನು ವಾಪಸ್ ತಿದ್ದುತ್ತದೆ. ತಗೋಬೇಡಿ.

ಇನ್ನು ಸ್ಪ್ರಾಕೆಟ್. ನನ್ನ ಲೆಕ್ಕದಲ್ಲಿ ಸಣ್ಣ ಗಾಡಿಗೆ ಇದಕ್ಕಿಂತ ಒಳ್ಳೆಯ ಬದಲಾವಣೆ ಇಲ್ಲ. ಇಸಿಯುಗೆ ಗೊತ್ತೇ ಆಗೋದಿಲ್ಲ, ಎಂಜಿನ್ ಬಿಚ್ಚಬೇಕಿಲ್ಲ, ಇಷ್ಟವಾಗದಿದ್ದರೆ ಅರ್ಧ ಗಂಟೆಯಲ್ಲಿ ಹಳೆಯದನ್ನೇ ಹಾಕಬಹುದು.

ನಿಮ್ಮ ಗಾಡಿಯ ಮುಂದಿನ ಮತ್ತು ಹಿಂದಿನ ಸ್ಪ್ರಾಕೆಟ್‌ಗೆ ಎಷ್ಟು ಹಲ್ಲಿದೆ ಅಂತ ಎಣಿಸಿ, ಇಲ್ಲವೇ ಅದರ ಮೇಲೆ ಕೆತ್ತಿರುವ ಅಂಕಿ ನೋಡಿ. ಲೆಕ್ಕಕ್ಕೆ ಮುಂದೆ 14, ಹಿಂದೆ 42 ಅಂತ ಹಿಡಿಯಿರಿ. 42ನ್ನು 14ರಿಂದ ಭಾಗಿಸಿದರೆ 3. ಮುಂದೆ 13 ಹಾಕಿದರೆ 3.23 ಆಯಿತು, ಅಂದರೆ ಪ್ರತಿ ಗೇರಿನಲ್ಲೂ ಎಳೆತ ಸುಮಾರು ಏಳೂವರೆ ಶೇಕಡಾ ಜಾಸ್ತಿ. ಮುಂದಿನದನ್ನು ಮುಟ್ಟದೆ ಹಿಂದೆ 45 ಹಾಕಿದರೆ 3.21, ಹೆಚ್ಚುಕಡಿಮೆ ಅದೇ. ಅಂದರೆ ಮುಂದಿನ ಒಂದು ಹಲ್ಲು ಹಿಂದಿನ ಮೂರು ಹಲ್ಲಿಗೆ ಸಮ. ಮುಂದಿನದು ಅಗ್ಗ, ಆದರೆ ಚಿಕ್ಕದಾದಷ್ಟೂ ಚೈನ್ ಬಿಗಿಯಾಗಿ ಬಾಗಬೇಕು, ಬೇಗ ಸವೆಯುತ್ತದೆ. 13ಕ್ಕಿಂತ ಕೆಳಗೆ ಹೋಗಬೇಡಿ. ಹಿಂದಿನದನ್ನು ದೊಡ್ಡದು ಮಾಡಿದರೆ ಚೈನಿಗೆ ಒಂದೆರಡು ಲಿಂಕ್ ಸಾಲದೆ ಬರಬಹುದು, ತರುವ ಮೊದಲು ನೋಡಿಕೊಳ್ಳಿ. ಚೈನ್ ಸೈಜ್ 428ಓ 520ಓ ಅನ್ನೋದೂ ಹೊಂದಬೇಕು.

ಕಳೆದುಕೊಳ್ಳೋದು ಏನು? 80ರಲ್ಲಿ ನಿಮಿಷಕ್ಕೆ 6,500 ಸುತ್ತು (ಆರ್‌ಪಿಎಂ) ತಿರುಗುತ್ತಿದ್ದ ಎಂಜಿನ್ ಈಗ 7,000 ತಿರುಗುತ್ತದೆ. ಹೈವೇಯಲ್ಲಿ ಸದ್ದು, ನಡುಕ ಸ್ವಲ್ಪ ಜಾಸ್ತಿ, ಮೈಲೇಜ್ ಸ್ವಲ್ಪ ಕಡಿಮೆ. ಊರೊಳಗೆ, ಘಾಟಿಯಲ್ಲಿ, ಹಿಂದೆ ಜನ ಕೂರಿಸಿಕೊಂಡು ಓಡಿಸುವವರಿಗೆ ಇದು ಒಪ್ಪಬಹುದಾದ ನಷ್ಟ. ದಿನಾ ತುಮಕೂರು ರಸ್ತೆಯಲ್ಲಿ 90ರಲ್ಲಿ ಹೋಗುವವರು ಇದನ್ನು ಮಾಡಬೇಡಿ, ಗಾಡಿ ಸುಮ್ನೆ ಕಿರುಚುತ್ತದೆ. ಕೆಲವು ಗಾಡಿಗಳಲ್ಲಿ ಸ್ಪೀಡೋಮೀಟರ್ ಗೇರ್‌ಬಾಕ್ಸ್ ಕಡೆಯಿಂದ ವೇಗ ತಿಳಿಯುತ್ತದೆ, ಅಂಥದ್ದರಲ್ಲಿ ಸ್ಪ್ರಾಕೆಟ್ ಬದಲಿಸಿದರೆ ಮೀಟರ್ ಹೆಚ್ಚು ತೋರಿಸುತ್ತದೆ. ಚಕ್ರದಿಂದ ತಿಳಿಯುವ ಗಾಡಿಗೆ ಈ ತೊಂದರೆ ಇಲ್ಲ.

ಹಾಕುವಾಗ ಹೀಗೆ ಮಾಡಿ. ಮುಂದಿನ ಸ್ಪ್ರಾಕೆಟ್ ಕವರ್ ತೆಗೆದರೆ ಒಳಗೆ ಗ್ರೀಸು, ಮಣ್ಣು, ಎಣ್ಣೆ ಕಲಸಿ ರಾಗಿಮುದ್ದೆಯಂತೆ ಗಟ್ಟಿಯಾಗಿ ಕೂತಿರುತ್ತದೆ. ಮೊದಲು ಅದನ್ನು ಕೆರೆದು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ತೊಳೆಯಿರಿ, ಆಗ ಆಯಿಲ್ ಸೀಲ್ ಸೋರುತ್ತಿದೆಯಾ ಅನ್ನೋದೂ ಕಾಣುತ್ತದೆ. ಚೈನ್ ಸಡಿಲ ಮಾಡುವ ಮೊದಲೇ, ಗೇರಿನಲ್ಲಿಟ್ಟು ಹಿಂದಿನ ಬ್ರೇಕ್ ಒತ್ತಿಸಿ ಹಿಡಿದು, ಬೋಲ್ಟ್ ಅಲ್ಲಾಡಿಸಿಕೊಳ್ಳಿ. ಚೈನ್ ತೆಗೆದ ಮೇಲೆ ಅದು ಸುತ್ತುತ್ತದೆ, ಬಿಚ್ಚಲಾಗದು. ಲಾಕ್ ವಾಷರ್ ಇದ್ದರೆ ಹೊಸದೇ ಹಾಕಿ. ಸವೆದ ಚೈನಿಗೆ ಹೊಸ ಸ್ಪ್ರಾಕೆಟ್ ಹಾಕಬೇಡಿ, ಎರಡೂ ಹಾಳಾಗುತ್ತವೆ. ಸೆಟ್ ಬದಲಿಸುವ ಸಮಯ ಬಂದಾಗಲೇ ಈ ಬದಲಾವಣೆ ಇಟ್ಟುಕೊಂಡರೆ ಖರ್ಚು ಒಂದೇ ಸಲ.

ಎಳೆತ ಹೆಚ್ಚಿತು ಅಂದ ಮೇಲೆ ನಿಲ್ಲಿಸೋದೂ ಸರಿಯಿರಬೇಕು. ಬ್ರೇಕ್ ಆಯಿಲ್ ಎರಡು ವರ್ಷ ಹಳೆಯದಾಗಿದ್ದರೆ ಬದಲಿಸಿ, ಪ್ಯಾಡ್ ನೋಡಿ. ಕಲ್ಲಿನಂತಾದ ಹಳೆಯ ಟೈರ್ ಇಟ್ಟುಕೊಂಡು ಎಂಜಿನ್‌ಗೆ ದುಡ್ಡು ಹಾಕಬೇಡಿ. ಭಾರ ಇಳಿಸೋಣ ಅಂತ ಸೀರೆ ಗಾರ್ಡ್ ಕಿತ್ತುಹಾಕುವವರಿದ್ದಾರೆ. ಅದು ನಿಯಮದ ಪ್ರಕಾರ ಇರಲೇಬೇಕು, ಹಿಂದೆ ಕೂತವರ ಸೆರಗು, ದುಪ್ಪಟ ಚಕ್ರಕ್ಕೆ ಸಿಕ್ಕಿ ಪ್ರಾಣವೇ ಹೋಗಬಹುದು. ದಯವಿಟ್ಟು ತೆಗೆಯಬೇಡಿ.

ಏರ್ ಫಿಲ್ಟರ್, ಪ್ಲಗ್, ಪೆಟ್ರೋಲ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ತೊಳೆದು ಬಳಸುವ ದುಬಾರಿ ಫಿಲ್ಟರ್‌ನಿಂದ ಸಣ್ಣ ಗಾಡಿಗೆ ಸಿಗೋದು ಗೊತ್ತಾಗದಷ್ಟು ಸ್ವಲ್ಪ. ಮಣ್ಣು ರಸ್ತೆಯಲ್ಲಿ ಓಡಾಡುವವರಿಗೆ ಕಂಪನಿಯ ಪೇಪರ್ ಫಿಲ್ಟರನ್ನೇ ಸಮಯಕ್ಕೆ ಸರಿಯಾಗಿ ಬದಲಿಸೋದು ಉತ್ತಮ. ಏರ್‌ಬಾಕ್ಸ್‌ಗೆ, ಅಂದರೆ ಫಿಲ್ಟರ್ ಕೂರುವ ಡಬ್ಬಿಗೆ, ತೂತು ಕೊರೆಯಬೇಡಿ, ಅದರ ಗಾತ್ರ, ನಳಿಕೆ ಎಲ್ಲ ಕೆಳ ಆರ್‌ಪಿಎಂನಲ್ಲಿ ಎಳೆತ ಬರಲಿ ಅಂತ ಲೆಕ್ಕ ಹಾಕಿ ಮಾಡಿದ್ದು. ಇರಿಡಿಯಂ ಪ್ಲಗ್ ಬಾಳಿಕೆ ಬರುತ್ತದೆ, ಪವರ್ ಕೊಡೋದಿಲ್ಲ. ಮ್ಯಾನ್ಯುಯಲ್‌ನಲ್ಲಿ 91 ಆಕ್ಟೇನ್ ಸಾಕು ಅಂತಿದ್ದರೆ ಹೆಚ್ಚಿನ ಆಕ್ಟೇನಿನ ದುಬಾರಿ ಪೆಟ್ರೋಲ್ ಹಾಕಿ ಲಾಭವಿಲ್ಲ.

ಸೈಲೆನ್ಸರ್ ಹಾಕಲೇಬೇಕು ಅನ್ನುವವರಿಗೆ ನನಗಾದದ್ದನ್ನು ಹೇಳುತ್ತೇನೆ. ನಾನು ಹೊಸದು ಹಾಕಿಸಿದಾಗ ಗ್ಯಾರೇಜಿನವರು ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವ ಬೆಂಡ್ ಪೈಪನ್ನೂ ಬಿಚ್ಚಿದ್ದರು. ಪೈಪ್ ಸೇರುವಲ್ಲಿ ಸಂದಿ ಮುಚ್ಚುವ ಹಳೆಯ ಗ್ಯಾಸ್ಕೆಟೇ ನಡೆಯುತ್ತೆ ಬಿಡಿ ಅಂದರು, ನಾನೂ ಬಿಟ್ಟೆ. ಎರಡು ವಾರಕ್ಕೆ ಮೈಲೇಜ್ 47ರಿಂದ 39ಕ್ಕೆ ಬಂತು. ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಪಟಪಟ ಸದ್ದು. ಸ್ನೇಹಿತರು ರೇಸ್ ಗಾಡಿ ತರ ಇದೆ ಅಂದರು, ನನಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಒಂದು ಬೆಳಗ್ಗೆ ಟಾರ್ಚ್ ಹಾಕಿ ಬಗ್ಗಿ ನೋಡಿದೆ. ಸಿಲಿಂಡರ್ ಹೆಡ್ಡಿಗೆ ಪೈಪ್ ಸೇರುವ ಜಾಗದಲ್ಲಿ, ಕೆಳಗಿನ ನಟ್ಟಿನ ಪಕ್ಕ, ಬೆರಳಿನಷ್ಟು ಅಗಲದ ಮಸಿ ಗುರುತು, ನಾಲಿಗೆ ಚಾಚಿದ ಹಾಗೆ. ಎಂಜಿನ್ ತಣ್ಣಗಿರುವಾಗ ಸೋಪಿನ ನೀರು ಚಿಮುಕಿಸಿ ಸ್ಟಾರ್ಟ್ ಮಾಡಿದೆ, ಅಲ್ಲೇ ಗುಳುಗುಳು ನೊರೆ ಎದ್ದಿತು. ಆಗುತ್ತಿದ್ದದ್ದು ಇಷ್ಟು: ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತಿತ್ತು, ಓ2 ಸೆನ್ಸರ್‌ಗೆ ಆಮ್ಲಜನಕ ಜಾಸ್ತಿ ಕಾಣುತ್ತಿತ್ತು, ಪೆಟ್ರೋಲ್ ಸಾಲುತ್ತಿಲ್ಲ ಅಂತ ಇಸಿಯು ಇನ್ನಷ್ಟು ಸುರಿಯುತ್ತಿತ್ತು. ಹೊಸ ಗ್ಯಾಸ್ಕೆಟ್ ಹಾಕಿ ಎರಡೂ ನಟ್ಟನ್ನು ಸ್ವಲ್ಪ ಇದು, ಸ್ವಲ್ಪ ಅದು ಅಂತ ಸಮವಾಗಿ ಬಿಗಿ ಮಾಡಿದ ಮೇಲೆ ಪಟಪಟ ನಿಂತಿತು, ಮೈಲೇಜ್ ಮುಂದಿನ ಟ್ಯಾಂಕಿನಲ್ಲೇ ವಾಪಸ್ ಬಂತು. 30ರಿಂದ 60ರ ಸಮಯ? ಕಂಪನಿ ಸೈಲೆನ್ಸರ್‌ನಲ್ಲಿ ಎಷ್ಟಿತ್ತೋ ಅಷ್ಟೇ. ಅದನ್ನು ಇಳಿಸಿದ್ದು ಆಮೇಲೆ ಹಾಕಿದ ಸ್ಪ್ರಾಕೆಟ್.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ 182ಎ ಕಲಮಿನ ಪ್ರಕಾರ ಗಾಡಿಯನ್ನು ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಸೈಲೆನ್ಸರ್‌ನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕತ್ತರಿಸಿದರೆ ಎಮಿಷನ್ ಟೆಸ್ಟ್‌ನಲ್ಲೂ ಸಿಕ್ಕಿಬೀಳುತ್ತೀರಿ. ಅದಕ್ಕಿಂತ ಮುಖ್ಯ, ರಾತ್ರಿ ಹನ್ನೊಂದಕ್ಕೆ ಮಗು ಮಲಗಿಸುತ್ತಿರುವ ಮನೆಗಳ ಮುಂದೆ ಆ ಸದ್ದು ಮಾಡಿಕೊಂಡು ಹೋಗೋದು ಸರಿಯಲ್ಲ. ಕಂಪನಿ ಸೈಲೆನ್ಸರೇ ಇಟ್ಟುಕೊಳ್ಳಿ ಅಂತಲೇ ನಾನು ಹೇಳೋದು. ಏನೇ ಬದಲಾಯಿಸಿದರೂ ವಾರಂಟಿ ಹೋಗಬಹುದು, ಇನ್ಶೂರೆನ್ಸ್‌ನವರಿಗೆ ತಿಳಿಸದಿದ್ದರೆ ಕ್ಲೇಮಿಗೆ ತಕರಾರು ಬರಬಹುದು. ಮೊದಲೇ ಕೇಳಿಕೊಳ್ಳಿ.

ಕೊನೆಗೆ ಪಿಗ್ಗಿಬ್ಯಾಕ್ ಇಸಿಯು. ಕಂಪನಿ ಇಸಿಯು ಮತ್ತು ಇಂಜೆಕ್ಟರ್ ನಡುವೆ ಕೂತು ಪೆಟ್ರೋಲನ್ನೂ ಕೆಲವದರಲ್ಲಿ ಇಗ್ನಿಷನ್ ಸಮಯವನ್ನೂ ಬದಲಿಸುವ ಡಬ್ಬಿ ಇದು. ಪವರ್‌ಟ್ರಾನಿಕ್ ಹೆಸರಿನ ಇಂಥ ಡಬ್ಬಿ ಮಾಡುವ ರೇಸ್ ಡೈನಮಿಕ್ಸ್ ಕಂಪನಿ ನಮ್ಮ ಬೆಂಗಳೂರಿನದೇ. ಇದು ಕೆಲಸ ಮಾಡುವ ವಸ್ತು, ಆದರೆ ಟ್ರ್ಯಾಕ್‌ನಲ್ಲಿ ಓಡಿಸುವವರಿಗೆ, ತಮ್ಮದೇ ಗಾಡಿಗೆ ಡೈನೋ (ಗಾಡಿಯ ಶಕ್ತಿ ಅಳೆಯುವ ಯಂತ್ರ) ಮೇಲೆ ಮ್ಯಾಪ್ ಮಾಡಿಸುವವರಿಗೆ. ಬೇರೆಯವರ ಮ್ಯಾಪ್ ತಂದು ಹಾಕಿದರೆ ಪೆಟ್ರೋಲ್ ಕಡಿಮೆಯಾಗಿ ಪಿಸ್ಟನ್ ಸುಡುವ ಅಪಾಯವಿದೆ. ಕೆಲಸಕ್ಕೆ ಹೋಗಿಬರುವ 150 ಸಿಸಿ ಗಾಡಿಗೆ ಆ ದುಡ್ಡಿನಲ್ಲಿ ಒಂದು ಜೊತೆ ಒಳ್ಳೆಯ ಟೈರ್ ಹಾಕಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಒಂದು ಟ್ಯಾಂಕ್ ಓಡಿಸಿ, ಮತ್ತೆ ಅಳೆಯಿರಿ. ಚೆಕ್ ಎಂಜಿನ್ ದೀಪ ಹತ್ತಿದರೆ ಬ್ಯಾಟರಿ ವೈರ್ ತೆಗೆದು ಹಾಕಿ ಆರಿಸಬೇಡಿ, ಕೋಡ್ ಓದಿಸಿ. ತೆಗೆದ ಭಾಗಗಳಿಗೆ ಎಣ್ಣೆ ಸವರಿ, ಪೇಪರಲ್ಲಿ ಸುತ್ತಿ, ನಟ್ಟು ಬೋಲ್ಟನ್ನು ಅದರ ಜೊತೆಗೇ ಕಟ್ಟಿ ಅಟ್ಟದ ಮೇಲಿಡಿ. ಗಾಡಿ ಮಾರುವ ದಿನ ತಗೊಳ್ಳುವವರು ಮೊದಲು ಕೇಳೋದು ಒರಿಜಿನಲ್ ಪಾರ್ಟ್ಸ್ ಇದೆಯಾ ಅಂತಲೇ.