ನದಿಗೆ ಮೀನುಮರಿ ಬಿಟ್ಟರೆ ಲಾಭವೋ ನಷ್ಟವೋ: ಪರೀಕ್ಷಿಸುವುದು ಹೇಗೆ?

ನದಿಗೆ ಮೀನು ಬಿಟ್ಟರೆ ಮೀನು ಹೆಚ್ಚುತ್ತದೆ ಎಂದೇ ಎಲ್ಲರ ನಂಬಿಕೆ. ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾಡಿಸನ್ ನದಿಯಲ್ಲಿ ಅದು ಸುಳ್ಳಾಯಿತು. ಅದನ್ನು ತೋರಿಸಿಕೊಟ್ಟವರು ರಾಜ್ಯದ ಮೀನುಗಾರಿಕಾ ಇಲಾಖೆಯಲ್ಲಿದ್ದ ಜೀವವಿಜ್ಞಾನಿ ಡಿಕ್ ವಿನ್ಸೆಂಟ್. ಅವರು ಹಿಡಿದ ದಾರಿ ಯಾವ ನದಿಗೂ ಒಗ್ಗುತ್ತದೆ.

ಮೊದಲ ಕೆಲಸ ಎಣಿಕೆ. ನೀರಿಗೆ ಹದವಾಗಿ ವಿದ್ಯುತ್ ಹರಿಸಿ, ಕ್ಷಣಕಾಲ ಮಂಕಾದ ಮೀನುಗಳನ್ನು ಎತ್ತಿಕೊಂಡು, ರೆಕ್ಕೆಯ ಅಂಚನ್ನು ಚೂರು ಕತ್ತರಿಸಿ ಮರಳಿ ಬಿಡುತ್ತಾರೆ. (ಇದು ಅನುಮತಿ ಪಡೆದ ತಜ್ಞರ ಕೆಲಸ, ಬೇರೆಯವರು ಕೈಹಾಕಬಾರದು.) ಕೆಲವು ದಿನಗಳ ನಂತರ ಮತ್ತೆ ಹಿಡಿಯುತ್ತಾರೆ. ಮೊದಲು 200 ಮೀನುಗಳಿಗೆ ಗುರುತು ಹಾಕಿ, ಎರಡನೇ ಸಲ ಸಿಕ್ಕ 100ರಲ್ಲಿ 20ಕ್ಕೆ ಗುರುತಿದ್ದರೆ, ಅಲ್ಲಿರುವುದು ಸುಮಾರು 1,000 ಮೀನು. ತೊಟ್ಟಿಯಲ್ಲಿ ಸಾಕಿದ್ದು ಎಷ್ಟು, ನದಿಯಲ್ಲೇ ಹುಟ್ಟಿದ್ದು ಎಷ್ಟು ಎಂಬ ಲೆಕ್ಕ ಬೇರೆ ಬೇರೆ ಇರಲೇಬೇಕು. ಎರಡನ್ನೂ ಕೂಡಿಸಿಬಿಟ್ಟರೆ ಪರೀಕ್ಷೆಯೇ ವ್ಯರ್ಥ.

ಮುಂದಿನದು ಹೋಲಿಕೆ. ವಿನ್ಸೆಂಟ್ ಮ್ಯಾಡಿಸನ್ನಿನ ಒಂದು ಭಾಗದಲ್ಲಿ ಬಿತ್ತನೆ, ಅಂದರೆ ಸಾಕಿದ ಮೀನು ಬಿಡುವುದನ್ನು, ನಿಲ್ಲಿಸಿದರು. ಬಿತ್ತನೆಯಿಲ್ಲದಿದ್ದ ಓಡೆಲ್ ತೊರೆಗೆ ಟ್ರೌಟ್ ಎಂಬ ತಣ್ಣೀರಿನ ಮೀನುಗಳನ್ನು ಸಾಕಿ ಬಿಟ್ಟರು. ನಿಲ್ಲಿಸಿದ ಕಡೆ ನದಿಯಲ್ಲೇ ಹುಟ್ಟಿದ ಟ್ರೌಟ್‌ಗಳು ಬಹಳವಾಗಿ ಹೆಚ್ಚಿದವು, ಬಿಟ್ಟ ಕಡೆ ಕುಸಿದವು. ಎರಡು ಕಡೆಯಿಂದಲೂ ಒಂದೇ ಉತ್ತರ ಬಂದದ್ದರಿಂದಲೇ ಈ ಅಧ್ಯಯನಕ್ಕೆ ಅಷ್ಟು ತೂಕ. ಕಾಡು ಟ್ರೌಟ್ ತಾನಾಗಿ ಬಾಳಬಲ್ಲ ನದಿಗಳಿಗೆ ಮೀನು ಬಿಡುವುದನ್ನು ಮೊಂಟಾನಾ 1974ರಲ್ಲಿ ಕೈಬಿಟ್ಟಿತು.

ಆಮೇಲೆ ಕಾರಣ ಹುಡುಕಬೇಕು. ನದಿಯ ಟ್ರೌಟ್ ಕಲ್ಲಿನ ಮರೆಯಲ್ಲಿ, ಹರಿವು ಮಂದವಾಗಿರುವ ತನ್ನ ಜಾಗದಲ್ಲಿ ಎದುರುಮುಖವಾಗಿ ನಿಂತು, ನೀರು ತಂದ ಹುಳವನ್ನಷ್ಟೇ ಮುಂದೆ ಬಂದು ಹಿಡಿಯುತ್ತದೆ. ಸಿಮೆಂಟ್ ತೊಟ್ಟಿಯಲ್ಲಿ ಗುಂಪಾಗಿ ಬೆಳೆದ ಮೀನಿಗೆ ಈ ಮಿತವ್ಯಯ ತಿಳಿಯದು. ಅದು ಕಂಡಲ್ಲಿ ನುಗ್ಗಿ ಕಾದಾಡಿ ಸೊರಗುತ್ತದೆ, ಬಹುಪಾಲು ಬೇಗನೆ ಸಾಯುತ್ತದೆ. ಅಷ್ಟರೊಳಗೆ ನದಿಯ ಮೀನು ತನ್ನ ನೆಲೆ ಕಳೆದುಕೊಂಡಿರುತ್ತದೆ. ಬದುಕುಳಿದು ಬೆರೆತರೂ ಒಳಿತಿಲ್ಲ: ಸಮುದ್ರಕ್ಕೆ ಹೋಗಿಬರುವ ಸ್ಟೀಲ್‌ಹೆಡ್ ಟ್ರೌಟ್‌ಗಳ ಬಗ್ಗೆ ಒರೆಗಾನ್‌ನ ಹುಡ್ ನದಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ತೊಟ್ಟಿಯಲ್ಲಿ ಕಳೆದ ಪ್ರತಿ ತಲೆಮಾರಿಗೂ ನದಿಯಲ್ಲಿ ಸಂತಾನ ಬೆಳೆಸುವ ಶಕ್ತಿ ಸುಮಾರು ಶೇ 40ರಷ್ಟು ಇಳಿಯುತ್ತದೆ. ರೋಗದ ಭಯ ಬೇರೆ.

ಕಡೆಯದಾಗಿ, ಬಿಡುವ ಮೀನು ಆ ನದಿಯದೇ ಹೌದೇ ಎಂದು ನೋಡಬೇಕು. ಈ ಪ್ರಶ್ನೆ ನಮ್ಮ ಕಾವೇರಿಗೆ ತಟ್ಟುತ್ತದೆ. ಮಹಾರಾಷ್ಟ್ರದ ಲೋನಾವಳಾದ ಮೀನುಮರಿ ಕೇಂದ್ರದಲ್ಲಿ ಸಾಕಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು 1970ರ ದಶಕದಿಂದ, ಒಳ್ಳೆಯ ಉದ್ದೇಶದಿಂದಲೇ, ಕಾವೇರಿಗೆ ಬಿಡಲಾಯಿತು. ಕಾವೇರಿಯ ಸ್ವಂತ ಮೀನು ಗೂನುಬೆನ್ನಿನ ಮಹಶೀರ್. ಗಾಳ ಹಾಕುವವರ ಶಿಬಿರದ ದಾಖಲೆಗಳಲ್ಲಿ ನೀಲಿ ರೆಕ್ಕೆಯದು ಏರುತ್ತಾ, ಗೂನುಬೆನ್ನಿನದು ವಿರಳವಾಗುತ್ತಾ ಹೋದದ್ದು ಕಾಣುತ್ತದೆ. ಅಣೆಕಟ್ಟು, ಸಿಡಿಮದ್ದಿನ ಬೇಟೆಗಳ ಪೆಟ್ಟೂ ಈ ಮೀನಿಗೆ ಬಿದ್ದಿದೆ, ನಿಜ. ಆದರೆ ಬಿತ್ತನೆಗೆ ಮೊದಲು ಯಾರೂ ಎಣಿಸದ ಕಾರಣ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲು ಆಧಾರವೇ ಉಳಿದಿಲ್ಲ. ಗೂನುಬೆನ್ನಿನ ಮಹಶೀರ್ ಟೋರ್ ರೆಮಾದೇವಿ ಎಂಬ ಪ್ರಭೇದವೆಂದು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ನಿಮ್ಮೂರಿನ ನದಿಗೆ ಮರಿ ಬಿಡುವ ಕಾರ್ಯಕ್ರಮವಿದ್ದರೆ ಹಿಂದಿನ ಎಣಿಕೆ ಎಲ್ಲಿದೆ, ಮರಿಗಳ ತಾಯಿಮೀನು ಯಾವ ನದಿಯದು ಎಂದು ಮೀನುಗಾರಿಕೆ ಇಲಾಖೆಯನ್ನು ಲಿಖಿತವಾಗಿ ಕೇಳಿ.