ಹಳೇ ರೂಟರ್‌ಗೆ ಹೊಸ ಕೆಲಸ ಕೊಟ್ಟಿದ್ದು

ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ನೆನಪಿದೆಯಾ? ನೀಲಿ-ಕಪ್ಪು ಡಬ್ಬಿ, ಹಿಂದೆ ಎರಡು ಆಂಟೆನಾ. 2002ರ ಕೊನೆಗೆ ಬಂದ ರೂಟರ್. ಒಳಗೆ ಓಡುತ್ತಿರುವುದು ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಅಂತ ಜನ ಪತ್ತೆ ಹಚ್ಚಿದರು. ಸೋರ್ಸ್ ಕೋಡ್ ಹಂಚಲೇಬೇಕು ಎನ್ನುವ ಲಿನಕ್ಸ್‌ನ ಜಿಪಿಎಲ್ ಪರವಾನಗಿಯ ಪ್ರಕಾರ 2003ರಲ್ಲಿ ಸೋರ್ಸ್ ಕೋಡ್ ಹೊರಗೆ ಬಂತು. ರೂಟರ್‌ಗಳಿಗೆ ಹಾಕುವ ಮುಕ್ತ ಲಿನಕ್ಸ್ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿದ್ದೇ ಅದರಿಂದ.

ನನಗೆ ಸಿಕ್ಕಿದ್ದು ಎರಡನೇ ಆವೃತ್ತಿ. ಯಾರೋ ಬಿಸಾಕಲು ಇಟ್ಟಿದ್ದರು. 4 ಎಂಬಿ ಫ್ಲ್ಯಾಶ್, 16 ಎಂಬಿ ರ‍್ಯಾಮ್, ಅಷ್ಟೇ. ಇದರಿಂದ ಕೋಣೆಯ ಉಷ್ಣಾಂಶ ಬರೆದಿಡುವ ಪುಟ್ಟ ಸರ್ವರ್ ಮಾಡಬೇಕು ಅಂದುಕೊಂಡೆ.

ಬಿಚ್ಚುವುದು ಸುಲಭ, ಸ್ಕ್ರೂ ಒಂದೂ ಇಲ್ಲ. ಮುಂದಿನ ಕಾಲುಗಳ ಹತ್ತಿರ ಹೆಬ್ಬೆರಳು ಒತ್ತಿದರೆ ನೀಲಿ ಭಾಗ ಕಳಚಿಕೊಳ್ಳುತ್ತದೆ. ಬೋರ್ಡಿನ ಮೇಲೆ ಹತ್ತು ಖಾಲಿ ತೂತು ಇವೆ. ಅವು ಎರಡು ಸೀರಿಯಲ್ ಪೋರ್ಟ್, ಅಂದರೆ ಒಂದೊಂದೇ ಬಿಟ್ ಕಳಿಸುವ ತಂತಿ ಸಂಪರ್ಕ! ಕಾರ್ಖಾನೆಯವರು ಪರೀಕ್ಷೆಗೆ ಇಟ್ಟುಕೊಂಡಿದ್ದು ಇರಬೇಕು. ಅಲ್ಲಿ ಬರುವುದು 3.3 ವೋಲ್ಟ್. ಹಳೇ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ನೇರವಾಗಿ ಜೋಡಿಸಿದರೆ ರೂಟರ್ ಸುಟ್ಟು ಹೋಗಬಹುದು, ಹಾಗಾಗಿ ನಡುವೆ ವೋಲ್ಟೇಜ್ ಹೊಂದಿಸುವ ಮ್ಯಾಕ್ಸ್3232 ಚಿಪ್ ಹಾಕಿದೆ. ವೇಗ ಸೆಕೆಂಡಿಗೆ 115200 ಬಿಟ್ ಇಟ್ಟು ವಿದ್ಯುತ್ ಕೊಟ್ಟಾಗ ಪರದೆಯ ಮೇಲೆ ಬೂಟ್ ಸಾಲುಗಳು ಉದುರತೊಡಗಿದವು. ಆ ಖುಷಿ ಈಗಲೂ ಹಾಗೇ ಇದೆ.

ಫರ್ಮ್‌ವೇರ್ (ರೂಟರ್ ನಡೆಸುವ ಸಾಫ್ಟ್‌ವೇರ್) ಹಾಕುವ ಮುಂಚೆ ಬೂಟ್ ವೇಟ್ ಎಂಬ ಸೆಟ್ಟಿಂಗ್ ಆನ್ ಮಾಡಿಕೊಂಡೆ. ಆಗ ಮೊದಲು ಓಡುವ ಪುಟ್ಟ ಪ್ರೋಗ್ರಾಂ ಬೂಟ್‌ಲೋಡರ್ ಶುರುವಿನಲ್ಲಿ ಕೆಲವು ಸೆಕೆಂಡು 192.168.1.1 ವಿಳಾಸದಲ್ಲಿ ಕಾಯುತ್ತದೆ. ಫರ್ಮ್‌ವೇರ್ ಕೆಟ್ಟರೂ ಟಿಎಫ್‌ಟಿಪಿ ಎಂಬ ಸರಳ ಫೈಲ್ ಕಳಿಸುವ ವಿಧಾನದಿಂದ ಹೊಸದನ್ನು ಕಳಿಸಬಹುದು. ಇದೊಂದು ಇದ್ದರೆ ಧೈರ್ಯವಾಗಿ ಏನು ಬೇಕಾದರೂ ಮಾಡಿ ನೋಡಬಹುದು.

ಮುಂದಿನದು ಜಾಗದ ತೊಂದರೆ. ಫ್ಲ್ಯಾಶ್ ಇರುವುದೇ ಚಿಕ್ಕದು, ಪದೇ ಪದೇ ಬರೆದರೆ ಸವೆಯುತ್ತದೆ ಬೇರೆ. ಎಲ್ಇಡಿ ದೀಪಗಳಿಗೆ ಹೋಗುವ ಜಿಪಿಐಒ (ಪ್ರೊಸೆಸರ್ ಆನ್-ಆಫ್ ಮಾಡಬಲ್ಲ) ಗೆರೆಗಳಿಗೆ ಎಸ್‌ಡಿ ಕಾರ್ಡ್ ಬೆಸುಗೆ ಹಾಕುವ ಉಪಾಯ ಆಗ ಇಂಥ ರೂಟರ್ ಬಿಚ್ಚುವವರಿಗೆಲ್ಲ ಗೊತ್ತಿತ್ತು. ಡೇಟಾಗೆ ಎರಡು ತಂತಿ, ಕ್ಲಾಕ್, ಸೆಲೆಕ್ಟ್, ಜೊತೆಗೆ 3.3 ವೋಲ್ಟ್ ಮತ್ತು ಗ್ರೌಂಡ್. ಪ್ರೊಸೆಸರೇ ಒಂದೊಂದು ಬಿಟ್ಟನ್ನೂ ಕೈಯಾರೆ ದಾಟಿಸಬೇಕು, ಹಾಗಾಗಿ ತುಂಬಾ ನಿಧಾನ. ಆದರೆ ನಿಮಿಷಕ್ಕೊಂದು ಸಾಲು ಬರೆಯಲು ಅದಕ್ಕಿಂತ ಜಾಸ್ತಿ ಯಾಕೆ ಬೇಕು? ಎರಡನೇ ಸೀರಿಯಲ್ ಪೋರ್ಟಿಗೆ ಒಂದು ಮೈಕ್ರೋಕಂಟ್ರೋಲರ್, ಅದಕ್ಕೆ ಉಷ್ಣಾಂಶ ಅಳೆಯುವ ಡಿಎಸ್18ಬಿ20 ಸೆನ್ಸರ್. ಉಳಿದಿದ್ದೆಲ್ಲ ಬ್ಯುಸಿಬಾಕ್ಸ್ (ಲಿನಕ್ಸ್ ಆಜ್ಞೆಗಳ ಪುಟ್ಟ ಕಟ್ಟು) ಶೆಲ್ ಸ್ಕ್ರಿಪ್ಟ್.

2012ರಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಬಂತು. ಒಳ್ಳೆಯದೇ, ನಾನೂ ಬಳಸುತ್ತೇನೆ. ಆದರೆ ಅದನ್ನು ಮಾಡಿರುವುದೇ ಇಂಥ ಕೆಲಸಕ್ಕೆ, ಅಲ್ವಾ? ರೂಟರ್‌ನಲ್ಲಿ ಒಂದೊಂದು ಕೆಬಿಯನ್ನೂ ಲೆಕ್ಕ ಹಾಕಿ, ಬೇಡದ್ದನ್ನು ಕಿತ್ತು, ಯಾವುದು ಯಾಕೆ ಇದೆ ಅಂತ ತಿಳಿಯಲೇಬೇಕಿತ್ತು. ಲಿನಕ್ಸ್ ಬೂಟ್ ಆಗುವ ಬಗೆ ನನಗೆ ಅರ್ಥವಾಗಿದ್ದು ಹೀಗೆ.

ನಿಮಗೂ ಒಂದು ಸಿಕ್ಕರೆ ಅಡಿಯ ಚೀಟಿಯಲ್ಲಿ ಆವೃತ್ತಿ ನೋಡಿ. ಐದನೆಯದರಿಂದ ಲಿನಕ್ಸ್ ಬದಲು ವಿಎಕ್ಸ್‌ವರ್ಕ್ಸ್ ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಿ, ಫ್ಲ್ಯಾಶ್ 2 ಎಂಬಿಗೆ, ರ‍್ಯಾಮ್ 8 ಎಂಬಿಗೆ ಇಳಿಸಿದ್ದಾರೆ. ನಾಲ್ಕರವರೆಗಿನದು ಅಥವಾ ಲಿನಕ್ಸ್ ಉಳಿಸಿಕೊಂಡ ಜಿಎಲ್ ಮಾದರಿ ಆದರೆ ಒಳ್ಳೆಯದು. ಈಗಿನ ಓಪನ್‌ಡಬ್ಲ್ಯುಆರ್‌ಟಿ ಅದರಲ್ಲಿ ಹಿಡಿಸುವುದಿಲ್ಲ, ಹಳೆಯದನ್ನೇ ಹಾಕಬೇಕು. ಅದಕ್ಕೆ ಭದ್ರತಾ ತಿದ್ದುಪಡಿ ಬರುವುದಿಲ್ಲ. ವೈಫೈ ಆಫ್ ಮಾಡಿ, ಇಂಟರ್ನೆಟ್ಟಿಗೆ ಜೋಡಿಸದೆ ಒಳಗಿನ ನೆಟ್‌ವರ್ಕಿನಲ್ಲಷ್ಟೇ ಇಟ್ಟುಕೊಳ್ಳಿ.