ಸಕ್ರೆಬೈಲು ಆನೆ ಬಿಡಾರಕ್ಕೆ ಹೋಗುವವರು ತಿಳಿದಿರಬೇಕಾದದ್ದು

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿ.ಮೀ. ಹೋದರೆ, ತುಂಗೆಯ ಹಿನ್ನೀರಿನ ದಡದಲ್ಲೇ ಅರಣ್ಯ ಇಲಾಖೆಯ ಸಕ್ರೆಬೈಲು ಬಿಡಾರ. ಬೆಳಗ್ಗೆ 8.30ರ ಹೊತ್ತಿಗೆ ಅಲ್ಲಿರಿ. 11.30ರ ಮೇಲೆ ಹೋದರೆ ನೋಡಲು ಏನೂ ಉಳಿದಿರುವುದಿಲ್ಲ. ರಾತ್ರಿ ಆನೆಗಳನ್ನು ಕಾಲಿಗೆ ಉದ್ದದ ಸರಪಳಿ ಕಟ್ಟಿ ಕಾಡಿಗೆ ಮೇಯಲು ಬಿಡುತ್ತಾರೆ. ನಸುಕಿನಲ್ಲಿ ಮಾವುತರ ಸಹಾಯಕರಾದ ಕಾವಾಡಿಗಳು ಸರಪಳಿ ಎಳೆದ ಜಾಡು ಹಿಡಿದು ಹುಡುಕಿ ಕರೆತರುತ್ತಾರೆ. ಸ್ನಾನ, ತಿಂಡಿ ಮುಗಿದರೆ ಮತ್ತೆ ಕಾಡಿಗೆ. ಜೋಗ ನೋಡಿಕೊಂಡು ಮಧ್ಯಾಹ್ನ ಬರುವ ಲೆಕ್ಕ ಹಾಕಬೇಡಿ.

ಸ್ನಾನವನ್ನು ಪೂರ್ತಿ ನೋಡಿ, ಸೆಲ್ಫಿಗೆ ಆಮೇಲೆ ಹೊತ್ತಿರುತ್ತದೆ. ಆನೆ ನೀರಿನಲ್ಲಿ ಒಂದು ಮಗ್ಗುಲಿಗೆ ಒರಗುತ್ತದೆ. ಮುಖ ಮುಳುಗಿದರೂ ಸೊಂಡಿಲ ತುದಿ ಉಸಿರಾಟಕ್ಕೆ ಮೇಲೇ ಇರುತ್ತದೆ. ಮಾವುತ ಕಿವಿಯ ಹಿಂದೆ, ಕಾಲಿನ ಸಂದು, ಉಗುರಿನ ಸುತ್ತ ತಿಕ್ಕುತ್ತಾನೆ. ಸರಪಳಿ ಉಜ್ಜಿದ ಗಾಯ, ಹೊಕ್ಕ ಮುಳ್ಳು ಕಣ್ಣಿಗೆ ಬೀಳುವುದು ಆಗಲೇ. ಅವನು ಒಂದೇ ಕಡೆ ಕೈಯಾಡಿಸುತ್ತಾ ನಿಂತಿದ್ದರೆ ಮಾತಾಡಿಸಬೇಡಿ, ಗಾಯ ನೋಡುತ್ತಿರುತ್ತಾನೆ.

ಹತ್ತಿರ ಹೋಗುವುದಿದ್ದರೆ ಮಾವುತ ಕರೆದಾಗ ಮಾತ್ರ, ಅದೂ ಆನೆಗೆ ಕಾಣುವಂತೆ ಮುಂದಿನ ಪಕ್ಕದಿಂದ. ನೇರ ಹಿಂದೆ ಇರುವವರು ಅದಕ್ಕೆ ಕಾಣುವುದಿಲ್ಲ, ಬೆದರಿದರೆ ಒದೆಯುತ್ತದೆ. ಕಿವಿ ಬೀಸುತ್ತಾ ಬಾಲ ಆಡಿಸುತ್ತಿದ್ದರೆ ನೆಮ್ಮದಿಯಾಗಿದೆ ಎಂದರ್ಥ. ಕಿವಿ ಅಗಲಿಸಿ ಅಲುಗಾಡದೆ ನಿಂತು, ಬಾಲ ಸೆಟೆಸಿದರೆ ಮೆಲ್ಲನೆ ಹಿಂದೆ ಸರಿಯಿರಿ, ಓಡಬೇಡಿ. ಗಂಡಾನೆಯ ಕಣ್ಣು ಕಿವಿಗಳ ನಡುವೆ ಕಪ್ಪಗೆ ಒಸರಿದ ಗುರುತಿದ್ದರೆ ಅದು ಮದ. ಅದರ ಮಾವುತನೇ ಆಗ ಎಚ್ಚರದಿಂದಿರುತ್ತಾನೆ, ನೀವು ದೂರವೇ ಇರಿ. ಮರಿ ಎಷ್ಟೇ ಮುದ್ದಾಗಿದ್ದರೂ ತಾಯಿ-ಮರಿಯ ನಡುವೆ ನುಗ್ಗುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಬಾಳೆಹಣ್ಣು, ಬೆಲ್ಲ ಬ್ಯಾಗಿನಲ್ಲಿದ್ದರೆ ವಾಹನದಲ್ಲೇ ಬಿಟ್ಟು ಬನ್ನಿ; ವಾಸನೆ ಹಿಡಿದ ಸೊಂಡಿಲು ಬ್ಯಾಗಿಗೇ ಬರುತ್ತದೆ. ಪ್ಲಾಸ್ಟಿಕ್ ಹೊಟ್ಟೆಗೆ ಹೋದರೆ ಕರುಳು ಕಟ್ಟಿಕೊಳ್ಳಬಹುದು. ಫ್ಲ್ಯಾಶ್ ಆರಿಸಿ, ಆನೆಯೆದುರು ಛತ್ರಿಯನ್ನು ಫಟ್ಟನೆ ಬಿಡಿಸಬೇಡಿ. ದಡದ ಕೆಸರು ಜಾರುತ್ತದೆ, ಹಿಡಿತವಿರುವ ಚಪ್ಪಲಿ ಹಾಕಿ. ಬಹುದಿನದ ಕೆಮ್ಮು ಇರುವವರು ಆನೆಯನ್ನು ಮುಟ್ಟಲೇಬಾರದು: ಮನುಷ್ಯರ ಕ್ಷಯ ಆನೆಗೂ ಅಂಟುತ್ತದೆ.

ಕೊಡಗಿನ ಕಡೆ ಹೋಗುವವರಿಗೆ ಕುಶಾಲನಗರದ ಹತ್ತಿರದ ದುಬಾರೆ ಇದೆ. ಅಲ್ಲಿ ಬಿಡಾರ ಕಾವೇರಿಯ ಆಚೆ ದಡದಲ್ಲಿದೆ. ಮಳೆಗಾಲದಲ್ಲಿ ಹೊಳೆ ತುಂಬಿದರೆ ದೋಣಿ ನಿಲ್ಲಿಸುತ್ತಾರೆ, ಹಾಗಾಗಿ ಹೊರಡುವ ಮುನ್ನ ವಿಚಾರಿಸಿ.